ಮಂಗಳವಾರದ ಸೀಟು

ಏಪ್ರಿಲ್ ತಿಂಗಳ ಎರಡನೇ ಮಂಗಳವಾರ, ಹದಿನಾಲ್ಕು ಮೂಟೆ ಆಲೂಗಡ್ಡೆ ಮತ್ತು ಎರಡು ಬುಟ್ಟಿ ಚೀಸು ಹೇರಿಕೊಂಡು ಸೊಗಾಮೊಸೊ ಸಂತೆಗೆ ಘಾಟಿ ಇಳಿಯುತ್ತಿದ್ದ ಅನ್ಸೆಲ್ಮೊನ ಹಳೆಯ ಪಿಕಪ್ ಗಾಡಿಗೆ ಬ್ರೇಕು ಹಿಡಿಯಲಿಲ್ಲ. ಪೆಡಲ್ ತುಳಿದರೆ ಬೆಣ್ಣೆಯ ಮೇಲೆ ಕಾಲಿಟ್ಟ ಹಾಗೆ ನೆಲಕ್ಕೆ ಹೋಯಿತು. ಅನ್ಸೆಲ್ಮೊ ಗೇರು ಇಳಿಸಿದ, ಕೈಬ್ರೇಕು ಎಳೆದ, ಡ್ರೈವರುಗಳನ್ನು ಕಾಯುವ ಕಾರ್ಮೆನ್ ಮಾತೆಯನ್ನು ಕೂಗಿದ. ಮೂರರಲ್ಲಿ ಯಾವುದು ಫಲಿಸಿತೋ, ಗಾಡಿ ರಸ್ತೆ ಬಿಟ್ಟು ಯಾರದೋ ಈರುಳ್ಳಿ ಹೊಲಕ್ಕೆ ನುಗ್ಗಿ ಮಣ್ಣಿನಲ್ಲಿ ಹೂತು ನಿಂತಿತು. ಪಕ್ಕದಲ್ಲಿ ಕೂತಿದ್ದ ಮಗಳು ಒತಿಲಿಯಾಳ ಮಡಿಲ ತುಂಬ ಚೀಸು ಬಿದ್ದಿತ್ತು.

ಆ ಸಂಜೆ ಕಲ್ಲಿದ್ದಲ ಒಲೆಯ ಸುತ್ತ ಕೂತು ಗೋಧಿನುಚ್ಚಿನ ಸಾರು ಕುಡಿಯುವಾಗ ಮನೆಯಲ್ಲಿ ಅದೇ ಮಾತು.

"ಮೂವತ್ತು ವರ್ಷದಿಂದ ಈ ಘಾಟಿ ಇಳ್ಸಿದೀನಿ," ಅಂದ ಅನ್ಸೆಲ್ಮೊ. "ಒಂದಿನ ಬ್ರೇಕ್ ಕಾದೋಯ್ತು ಅಂತ ಗಾಡಿ ಮಾರ್ಬೇಕಾ?"

"ಮಾರಿ ಅಂದೋರ್ಯಾರು?" ಹೆಂಡತಿ ಕುಸ್ತೋದಿಯಾ ಸೌಟು ಝಾಡಿಸಿದಳು. "ಸಾಯ್ಬೇಡಿ ಅಂದೆ ಅಷ್ಟೆ. ಸಾಯ್ಲೇಬೇಕು ಅಂತಿದ್ರೆ ಆಲೂಗಡ್ಡೆ ಮಾರ್ಕೊಂಡು ಬಂದು ಸಾಯಿರಿ."

ಮಗ ಹುವೆನಲ್ ನಕ್ಕ. ಇಟ್ಟಿಗೆ ಗೂಡಿನಲ್ಲಿ ದುಡಿದು ಬರುವ ಅವನಿಗೆ ಮನೆಯ ಜಗಳವೆಲ್ಲ ತಮಾಷೆ. ನಗದೆ ಇದ್ದವಳು ಅವನ ಹೆಂಡತಿ ಮರಿಸೆಲ್. ದುಯಿತಾಮಾ ಪೇಟೆಯ ಮೆಕ್ಯಾನಿಕ್ಕನ ಮಗಳು. ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. ಅಲ್ಲಿಯವರೆಗೆ ಆ ಮನೆಯಲ್ಲಿ ಅವಳು ಬಾಯಿ ಬಿಟ್ಟಿದ್ದೆಲ್ಲ ಉಪ್ಪು ಎಲ್ಲಿದೆ, ಕೊಡಪಾನ ಎಲ್ಲಿದೆ ಅನ್ನುವಷ್ಟಕ್ಕೆ.

"ಮಾವ, ನಿಮ್ದೇನೂ ತಪ್ಪಿಲ್ಲ," ಅಂದಳು. "ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇದೆ. ಬಿಸಿ ಒಳಗೇ ಕೂತ್ಕೊಳತ್ತೆ, ಹೊರಗೆ ಹೋಗಕ್ಕೆ ಜಾಗ ಇಲ್ಲ. ಮುಂದಿನ ಎರಡಕ್ಕೆ ಡಿಸ್ಕ್ ಹಾಕ್ಬೋದು. ಪೈಪೂ ಅಷ್ಟೆ, ನಾಲ್ಕಕ್ಕೂ ಒಂದೇ ಇದೆ, ಒಂದು ಕಡೆ ಸೋರಿದ್ರೆ ನಾಲ್ಕೂ ಹೋಯ್ತು. ಮುಂದಕ್ಕೊಂದು ಹಿಂದಕ್ಕೊಂದು ಬೇರೆ ಮಾಡ್ಬೇಕು. ನಮ್ಮಪ್ಪನ ಗುಜರೀಲಿ ಎಲ್ಲಾ ಬಿದ್ದಿದೆ. ನಾನೇ ಕೂರಿಸ್ತೀನಿ."

"ನೀನು?" ಅಂದಳು ಒತಿಲಿಯಾ.

"ಹೂಂ ಅಕ್ಕ. ಹನ್ನೆರಡು ವರ್ಷಕ್ಕೇ ಮಾಡ್ತಿದ್ದೆ."

"ಹಾಗಾದ್ರೆ ಇಷ್ಟು ದಿನ ಅರೆಪಾ ರೊಟ್ಟಿ ಯಾಕೆ ಸೀಸ್ತಿದ್ದೆ ಅಂತ ಈಗ ಗೊತ್ತಾಯ್ತು."

ಈ ಮಾತಿಗೆ ಎಲ್ಲರೂ ನಕ್ಕರು, ಮರಿಸೆಲ್ ಕೂಡ. ಆದರೆ ಅನ್ಸೆಲ್ಮೊ ನಗು ಮುಗಿದ ಮೇಲೂ ಸೊಸೆಯ ಕಡೆಗೇ ನೋಡುತ್ತಿದ್ದ. ಒತಿಲಿಯಾ ಅದನ್ನು ಗಮನಿಸಿದಳು. ಅಪ್ಪ ಹಾಗೆ ನೋಡುವುದು ಸಂತೆಯಲ್ಲಿ ಒಳ್ಳೆಯ ಕರು ಕಂಡಾಗ ಮಾತ್ರ.

ಒತಿಲಿಯಾಗೆ ಮೂವತ್ತೊಂಬತ್ತು. ಅವಳಿಗೆ ಮದುವೆಯಾಗಲಿಲ್ಲ, ಆಗಲಿಲ್ಲ ಅನ್ನುವುದಕ್ಕಿಂತ ಮನೆಯವರು ಆ ವಿಷಯ ಎತ್ತುವುದನ್ನು ಮರೆತರು ಅನ್ನುವುದೇ ಸರಿ. ವಾರದಲ್ಲಿ ಆರು ದಿನ ಹಸು, ಒಲೆ, ಅಮ್ಮನ ಸೊಂಟನೋವು, ಅಪ್ಪನ ಮಂಡಿಗೆ ಎಣ್ಣೆ. ಮಂಗಳವಾರ ಒಂದು ದಿನ ಅವಳು ತೊಳೆದ ಲಂಗ ಉಟ್ಟು, ಟೋಪಿ ಇಟ್ಟು, ಅಪ್ಪನ ಪಕ್ಕ ಗಾಡಿಯಲ್ಲಿ ಕೂರುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಆ ಸೀಟು ಅವಳದು. ಘಾಟಿಯ ನಡುವೆ ಕಾರ್ಮೆನ್ ಮಾತೆಯ ಗುಡಿ. ಡ್ರೈವರುಗಳು ಹರಕೆಗೆ ತಂದಿಟ್ಟ ಹಳೇ ಹೆಡ್‌ಲೈಟುಗಳು ಸುತ್ತ ರಾಶಿ ಬಿದ್ದಿರುತ್ತವೆ, ಪಕ್ಕದಲ್ಲೇ ಒಂದು ಒರತೆ. ಅಲ್ಲಿ ಗಾಡಿ ನಿಲ್ಲಿಸಿ ಅಪ್ಪ ಮೇಣದಬತ್ತಿ ಹಚ್ಚುವುದು, ಮಗಳು ಡಬ್ಬದಲ್ಲಿ ಒರತೆ ನೀರು ತಂದು ಕಾದ ಡ್ರಮ್ಮುಗಳಿಗೆ ಸುರಿಯುವುದು. ಚುಂಯ್ ಎಂದು ಹಬೆ ಏಳುತ್ತಿತ್ತು. ಹಿಂದೆ ಬಂದ ಲಾರಿಯವರು, "ಒತಿಲಿಯಾ, ನಮ್ಮದಕ್ಕೂ ಒಂದು ಡಬ್ಬ!" ಎಂದು ಕೂಗುತ್ತಿದ್ದರು. ಸಂತೆಯಲ್ಲಿ ಅಪ್ಪ ಮಗಳು ಎದುರುಬದುರು ಕೂತು ಎಲುಬಿನ ಸಾರು ತಿನ್ನುತ್ತಿದ್ದರು. ಒತಿಲಿಯಾಳ ಪಾಲಿಗೆ ಬದುಕು ಅಂದರೆ ಇದೇ.

ಮೇ ಮೊದಲ ವಾರ ಮರಿಸೆಲ್‌ಳ ಅಪ್ಪ ಲಾರಿಯೊಂದರಲ್ಲಿ ಡಿಸ್ಕು, ಕ್ಯಾಲಿಪರು, ಪೈಪು ಎಲ್ಲ ಗೋಣಿಯಲ್ಲಿ ಕಟ್ಟಿ ಕಳಿಸಿದ. ಮದುವೆಯಲ್ಲಿ ಏನೂ ಕೊಡಲಾಗಲಿಲ್ಲ, ಇದು ಅದಕ್ಕೆ ಎಂದು ಚೀಟಿ ಬರೆದಿದ್ದ. ಕುಸ್ತೋದಿಯಾ ಗೋಣಿ ಬಿಚ್ಚಿ ನೋಡಿ, "ಬೇರೆ ಸೊಸೇರು ಹಾಸಿಗೆ ತರ್ತಾರೆ. ನಮಗೆ ತುಕ್ಕು ಬಂತು," ಅಂದಳು.

ಮರಿಸೆಲ್ ಗಂಡನ ಹಳೇ ಪ್ಯಾಂಟು ಹಾಕಿಕೊಂಡು ಗಾಡಿಯ ಕೆಳಗೆ ಸೇರಿದಳು. ಚಕ್ರ ಬಿಚ್ಚಿದಳು, ಡ್ರಮ್ಮು ಕಳಚಿದಳು, ಸವೆದ ಬೇರಿಂಗು ತೋರಿಸಿ ಮಾವನಿಗೆ ಪಾಠ ಹೇಳಿದಳು. ಎರಡು ದಿನ ಅನ್ಸೆಲ್ಮೊ ದೂರ ನಿಂತು ಕೆಮ್ಮಿದ. ಮೂರನೇ ದಿನ ಕಂಬಳಿ ಹಾಸಿ ಪಕ್ಕದಲ್ಲಿ ಕೂತ. ನಾಲ್ಕನೇ ದಿನ ಒತಿಲಿಯಾ ಹಾಲು ಕರೆದು ಬರುವಾಗ ನೋಡುತ್ತಾಳೆ, ಅಪ್ಪ ತಾನೇ ಅಡುಗೆಮನೆಗೆ ಹೋಗಿ ಲೋಟದಲ್ಲಿ ಬಿಸಿ ಬೆಲ್ಲದ ನೀರು ತುಂಬಿ, ಅದರಲ್ಲಿ ರೂಢಿಯಂತೆ ಒಂದು ಚೂರು ಚೀಸು ಹಾಕಿ ಸೊಸೆಗೆ ತಂದುಕೊಡುತ್ತಿದ್ದಾನೆ. ತಾನು ಕುಡಿಯುವ ನೀರನ್ನೂ ಯಾವತ್ತೂ ತಾನೇ ತೆಗೆದುಕೊಂಡವನಲ್ಲ ಆ ಮನುಷ್ಯ.

"ಅಪ್ಪ, ಆ ಚೀಸು ಸಂತೇಗೆ ಅಂತ ಇಟ್ಟಿದ್ದು," ಅಂದಳು.

"ಒಂದು ಚೂರಿಗೆ ಸಂತೆ ಮುಳುಗೋಗಲ್ಲ ಬಿಡು."

ಎರಡು ವಾರ ಕಳೆದು, ಕೊನೆಯಲ್ಲಿ ಪೈಪುಗಳಿಂದ ಗಾಳಿ ತೆಗೆಯುವ ಕೆಲಸ ಉಳಿಯಿತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ತುಳಿಯಬೇಕು, ಒಬ್ಬರು ಕೆಳಗೆ ಮಲಗಿ ಗಾಳಿ ಹೊರಬಿಡುವ ನಿಪ್ಪಲ್ ಬಿಚ್ಚಿ ಮುಚ್ಚಬೇಕು. ಹುವೆನಲ್ ಗೂಡಿಗೆ ಹೋಗಿದ್ದ, ಅನ್ಸೆಲ್ಮೊನ ಮಂಡಿ ಮಡಚುವ ಹಾಗಿರಲಿಲ್ಲ. ಒತಿಲಿಯಾ ಹತ್ತಿದಳು. ಡ್ರೈವರ್ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು.

"ತುಳೀರಿ ಅಕ್ಕ," ಕೆಳಗಿಂದ ಮರಿಸೆಲ್‌ಳ ದನಿ ಬಂತು. "ಹಾಗೇ ಹಿಡ್ಕೊಳಿ. ನಾನು ಬಿಡಿ ಅನ್ನೋವರ್ಗೂ ಕಾಲು ಎತ್ಬೇಡಿ. ಎತ್ತಿದ್ರೆ ಗಾಳಿ ಮತ್ತೆ ಒಳಗೆ ಬರತ್ತೆ."

"ನಂಗೆ ಕಿವಿ ಕೇಳ್ಸತ್ತೆ."

"ಹಿಡ್ಕೊಳಿ... ಹಿಡ್ಕೊಳಿ... ಅಯ್ಯೋ, ಯಾಕೆ ಬಿಟ್ರಿ?"

"ಕಾಲು ಜಾರ್ತು."

ಮೂರು ಸಲ ಕಾಲು ಜಾರಿತು. ಮೂರನೇ ಸಲ ಬ್ರೇಕಿನ ಎಣ್ಣೆ ಮರಿಸೆಲ್‌ಳ ಮುಖಕ್ಕೆ ಚಿಮ್ಮಿತು. ಅವಳು ಹೊರಗೆ ಬಂದು ಕಣ್ಣು ತೊಳೆದುಕೊಂಡು ಮತ್ತೆ ಕೆಳಗೆ ಹೋದಳು. ಆಮೇಲೆ ಒತಿಲಿಯಾ ಸರಿಯಾಗಿ ತುಳಿದಳು. ಎಷ್ಟಾದರೂ ಗಾಡಿಯಲ್ಲಿ ಕೂರುವವಳು ತಾನೇ.

ಗಾಡಿ ಕೆಳಗಿಳಿಸಿದ ಮೇಲೆ ಮರಿಸೆಲ್ ಎಲ್ಲರನ್ನೂ ಕರೆದು ಹೇಳಿದಳು: "ಒಂದು ವಿಷಯ. ಇನ್ಮೇಲೆ ಮುಂದಿನ ಚಕ್ರಕ್ಕೆ ನೀರು ಹಾಕ್ಬೇಡಿ. ಡ್ರಮ್ಮು ದಪ್ಪ ಇತ್ತು, ತಡ್ಕೊಳ್ತಿತ್ತು. ಡಿಸ್ಕು ತೆಳು. ಕಾದಾಗ ತಣ್ಣೀರು ಬಿದ್ರೆ ಸೊಟ್ಟಗಾಗತ್ತೆ. ಅದು ಗಾಳೀಲೇ ತಣ್ಣಗಾಗತ್ತೆ."

"ಹಾಗಾದ್ರೆ ಒತಿಲಿಯಾಗೆ ಕೆಲ್ಸ ಕಮ್ಮಿ ಆಯ್ತು," ಅಂದ ಅನ್ಸೆಲ್ಮೊ. ಒಳ್ಳೆಯ ಮನಸ್ಸಿನಿಂದಲೇ ಅಂದ. ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

ಮುಂದಿನ ಮಂಗಳವಾರ ಗಾಡಿ ಘಾಟಿ ಇಳಿದದ್ದನ್ನು ಅನ್ಸೆಲ್ಮೊ ದಾರಿಯುದ್ದಕ್ಕೂ ಹೊಗಳಿದ. ಕಾಲು ಇಟ್ಟರೆ ಸಾಕು, ಗಾಡಿ ಮೂಗು ತಗ್ಗಿಸಿ ನಿಲ್ಲುತ್ತಿತ್ತು. "ನೋಡ್ದಾ? ಹುಡುಗಿ ಕೈ ನೋಡ್ದಾ?" ಎಂದು ತಿರುವಿಗೊಮ್ಮೆ ಕೇಳಿದ. ಎಂಟನೇ ಸಲಕ್ಕೆ ಒತಿಲಿಯಾ, "ರಸ್ತೆ ನೋಡ್ಕೊಂಡು ಓಡ್ಸಿ," ಅಂದಳು.

ಗುಡಿಯ ಹತ್ತಿರ ಅಭ್ಯಾಸದಂತೆ ಗಾಡಿ ನಿಂತಿತು. ಅಪ್ಪ ಮೇಣದಬತ್ತಿ ಹಿಡಿದು ಆ ಕಡೆ ತಿರುಗಿದ. ಒತಿಲಿಯಾ ಡಬ್ಬ ತೆಗೆದುಕೊಂಡಳು. ಇಪ್ಪತ್ತೆರಡು ವರ್ಷ ಮಾತೆಯ ಒರತೆಯ ನೀರು ಯಾವ ಕೇಡನ್ನೂ ಮಾಡಿಲ್ಲ, ನಿನ್ನೆ ಬಂದವಳು ಬೇಡ ಅಂದರೆ ಬೇಡವಾಗುತ್ತದೆಯೇ ಎಂದುಕೊಂಡಳು. ಇದು ಅವಳು ತನಗೆ ಹೇಳಿಕೊಂಡ ಮಾತು. ಕೆಟ್ಟರೆ ಕೆಡಲಿ ಅನ್ನುವ ಇನ್ನೊಂದು ಮಾತು ಅದರ ಕೆಳಗೇ ಇತ್ತು, ಅದೂ ಅವಳಿಗೆ ಗೊತ್ತಿತ್ತು. ಮುಂದಿನ ಎರಡೂ ಚಕ್ರಕ್ಕೆ ಒಂದೊಂದು ಡಬ್ಬ ಸುರಿದಳು. ಚುಂಯ್ ಎಂದಿತು. ಅಪ್ಪ ತಿರುಗಿ ನೋಡಲಿಲ್ಲ.

ಅದರ ಮುಂದಿನ ವಾರವೂ ಸುರಿದಳು. ಅದರ ಮುಂದಿನ ವಾರವೂ.

ಜೂನ್ ಮೊದಲ ವಾರಕ್ಕೆ ಪೆಡಲ್ ನಡುಗತೊಡಗಿತು. ಬ್ರೇಕು ಹಿಡಿದರೆ ಸ್ಟೇರಿಂಗು ಕೈಯಲ್ಲಿ ಗಡಗಡ ಅನ್ನುತ್ತಿತ್ತು, ಬುಟ್ಟಿಯಲ್ಲಿ ಚೀಸು ಕುಣಿಯುತ್ತಿತ್ತು. ಭಾನುವಾರ ಪೂಜೆ ಮುಗಿಸಿ ಬಂದು ಊಟಕ್ಕೆ ಕೂತಾಗ ಅನ್ಸೆಲ್ಮೊ ವಿಷಯ ಎತ್ತಿದ.

"ಹುಡುಗಿ, ನಿನ್ನ ಬ್ರೇಕಿಗೆ ಚಳಿಜ್ವರ ಬಂದಿದೆ."

ಮರಿಸೆಲ್ ಚಮಚ ಕೆಳಗಿಟ್ಟಳು. "ಮಾವ, ನೀರೇನಾದ್ರೂ ಹಾಕಿದ್ರಾ?"

"ನಾನ್ಯಾಕೆ ಹಾಕ್ಲಿ?"

ಮರಿಸೆಲ್ ಒತಿಲಿಯಾಳ ಕಡೆ ನೋಡಿದಳು. ಒತಿಲಿಯಾ ತಟ್ಟೆಯಲ್ಲಿ ಹುರುಳಿಕಾಯಿ ಎಣಿಸುವವಳ ಹಾಗೆ ಬಗ್ಗಿದ್ದಳು.

"ಕೆಲ್ಸ ಬರ್ದಿರೋರು ತಪ್ಪನ್ನ ನೀರಿನ ಮೇಲೆ ಹಾಕ್ತಾರೆ," ಅಂದಳು ಕುಸ್ತೋದಿಯಾ. "ಗುಜರಿ ಸಾಮಾನು ಗುಜರೀನೇ. ಎರಡು ವಾರ ಕೆಲ್ಸ ಬಿಟ್ಟು ಗಾಡಿ ಕೆಳಗೆ ಮಲಗಿದ್ದೇ ಬಂತು. ಆ ಎರಡು ವಾರ ಹಂದಿಗೆ ಹಾಕಿದ್ದು ಯಾರು? ಈ ಸೊಂಟ ಇಟ್ಕೊಂಡು ನಾನು."

"ಅತ್ತೆ, ನಮ್ಮಪ್ಪ ಕೊಟ್ಟಿದ್ದು ಒಳ್ಳೇ ಡಿಸ್ಕು. ಒಂದು ಗೆರೆ ಇರ್ಲಿಲ್ಲ ಅದ್ರಲ್ಲಿ."

"ನಿಮ್ಮಪ್ಪನ ಸುದ್ದಿ ಯಾಕೆ ಈಗ?" ಅಂದ ಹುವೆನಲ್. ಗೂಡಿನಲ್ಲಿ ಅವನನ್ನು ಎಲ್ಲರೂ 'ಮೆಕ್ಯಾನಿಕ್ಕಮ್ಮನ ಗಂಡ' ಎಂದು ರೇಗಿಸುತ್ತಿದ್ದರು; ಮೊದಲು ಹೆಮ್ಮೆಯಾಗಿದ್ದ ಅದು ಈಗ ಚುಚ್ಚತೊಡಗಿತ್ತು. "ಬರ್ದಿದ್ರೆ ಬರಲ್ಲ ಅನ್ಬೇಕಿತ್ತು. ಊರೆಲ್ಲಾ ನಗ್ತಿದೆ."

ಮರಿಸೆಲ್ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅನ್ಸೆಲ್ಮೊ ಬಾಯಿ ಒರೆಸಿಕೊಂಡು, "ನಾಳೆ ಹಳೇ ಡ್ರಮ್ಮು ವಾಪಸ್ ಹಾಕ್ಬಿಡೋಣ. ಗೊತ್ತಿರೋ ಬ್ರೇಕೇ ವಾಸಿ," ಅಂದ.

ಒತಿಲಿಯಾ ಬಯಸಿದ್ದು ಅದೇ. ಆ ದಿನವಿಡೀ ಅವಳು ಹಸುವಿನ ಹತ್ತಿರ ಹಾಡು ಗುನುಗಿದಳು. ಸಾರಿಗೆ ಒಂದು ಹಿಡಿ ಹೆಚ್ಚು ಮಾಂಸ ಹಾಕಿದಳು. ಮರಿಸೆಲ್ ಹಿತ್ತಲಲ್ಲಿ ಒಬ್ಬಳೇ ಗಂಡನ ಅಂಗಿ ಒಗೆಯುತ್ತಿದ್ದದ್ದು ಕಂಡು, ಒಗೆಯಲಿ, ಅದು ಅವಳ ಕೆಲಸ ಅಂದುಕೊಂಡಳು.

ಸೋಮವಾರ ಹುವೆನಲ್ ರಜೆ ಹಾಕಿದ. ಕೋಳಿಗೂಡಿನ ಹಿಂದೆ ಬಿಸಾಡಿದ್ದ ಡ್ರಮ್ಮುಗಳನ್ನು ತಂದು ಅಂಗಳದಲ್ಲಿ ಇಟ್ಟ. ಮರಿಸೆಲ್ ತಾನೇ ಚಕ್ರ ಬಿಚ್ಚಿದಳು, ಡಿಸ್ಕು ಕಳಚಿದಳು. ಅದರ ಮೇಲೆ ಅಲ್ಲಲ್ಲಿ ನೀಲಿ ಕಲೆಗಳಿದ್ದವು. ಹೆಬ್ಬೆರಳಿನಿಂದ ಒಂದು ಕಲೆ ಸವರಿ, ತಲೆಯೆತ್ತಿ, ಬಾಗಿಲಲ್ಲಿ ನಿಂತಿದ್ದ ಒತಿಲಿಯಾಳನ್ನು ನೋಡಿದಳು. ಆ ನೋಟದಲ್ಲಿ ಪ್ರಶ್ನೆ ಇರಲಿಲ್ಲ. ಅವಳಿಗೆ ಗೊತ್ತಿತ್ತು, ಭಾನುವಾರವೇ ಗೊತ್ತಿತ್ತು. ಮೆಕ್ಯಾನಿಕ್ಕನ ಮಗಳಿಗೆ ನೀರಿನ ಕಲೆ ಗೊತ್ತಾಗದೆ ಇರುತ್ತದೆಯೇ? ಆದರೂ ಬಾಯಿ ಬಿಟ್ಟಿರಲಿಲ್ಲ. ಅದನ್ನು ನೋಡಿ ಒತಿಲಿಯಾಗೆ ಇನ್ನೂ ಹೊಟ್ಟೆ ಉರಿಯಿತು. ಕೈಕೆಲಸದಲ್ಲಿ ಮೇಲು ಅಂದುಕೊಂಡರೆ, ಇದರಲ್ಲೂ ಮೇಲಾಗಬೇಕೇ ಇವಳು?

ಹುವೆನಲ್ ಮೊದಲ ಡ್ರಮ್ಮು ಎತ್ತಿ ಕೂರಿಸಿದ. ಅನ್ಸೆಲ್ಮೊ ಪೆಡಲ್ ಮೇಲೆ ಕಾಲಿಟ್ಟು ಆಡಿಸಿದ. ಒತಿಲಿಯಾಗೆ ಏಪ್ರಿಲ್ ತಿಂಗಳ ಆ ಕಾಲು ಕಂಡಿತು. ನೆಲ ಮುಟ್ಟಿದ ಮೇಲೂ ತುಳಿಯುತ್ತಲೇ ಇದ್ದ ಅಪ್ಪನ ಸೊಟ್ಟ ಬೂಟು. ನಾಳೆ ಮಂಗಳವಾರ. ನಾಳೆಯ ಹೊತ್ತಿಗೆ ಹದಿನಾರು ಮೂಟೆ. ಎಲ್ಲ ಸಲವೂ ಈರುಳ್ಳಿ ಹೊಲ ಸಿಗುವುದಿಲ್ಲ.

"ನೀರು ಹಾಕಿದ್ದು ನಾನು," ಅಂದಳು.

ಹುವೆನಲ್ ತಿರುಗಿದ. "ಏನು?"

"ಮೂರು ವಾರ. ಗುಡಿ ಹತ್ರ. ಅವಳು ಬೇಡ ಅಂದಿದ್ಳು. ನಾನು ಬೇಕು ಅಂತ್ಲೇ ಹಾಕ್ದೆ. ಆ ಡ್ರಮ್ಮು ತೆಗಿ."

ಒತಿಲಿಯಾ ಅಪ್ಪನ ಬೈಗುಳಕ್ಕೆ ಕಾದು ನಿಂತಳು. ಅನ್ಸೆಲ್ಮೊ ಗಾಡಿಯಿಂದ ನಿಧಾನ ಇಳಿದ, ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ನಂಗೊತ್ತಿತ್ತು," ಅಂದ.

"ಏನು ಗೊತ್ತಿತ್ತು?" ಅಡುಗೆಮನೆಯಿಂದ ಕುಸ್ತೋದಿಯಾ ಬಂದಿದ್ದಳು.

"ಮುಂದಿನ ಚಕ್ರ ಚುಂಯ್ ಅಂದಿದ್ದು ಕೇಳ್ತಿತ್ತು. ಮೂರು ವಾರಾನೂ ಕೇಳ್ತು. ಬತ್ತಿ ಹಚ್ತಾ ನಿಂತ್ಕೊಂಡೆ."

"ಅಪ್ಪ!" ಹುವೆನಲ್ ಪಾನಾ ಕೆಳಗೆ ಹಾಕಿದ. "ನಿನ್ನೆ ಊಟಕ್ಕೆ ಕೂತಾಗ ನಾನು ಇವಳಿಗೆ ಅಷ್ಟು ಅಂದ್ನಲ್ಲ, ಸುಮ್ನೆ ಇದ್ರಲ್ಲ ನೀವು!"

"ಏನು ಹೇಳ್ಲಿ? ಮೂವತ್ತು ವರ್ಷ ಊರು ಏನಂತಿತ್ತು? ಅನ್ಸೆಲ್ಮೊ ಥರ ಘಾಟಿ ಇಳ್ಸೋನು ಇನ್ನೊಬ್ಬ ಇಲ್ಲ, ಗೇರಲ್ಲೇ ಇಳಿಸ್ತಾನೆ ಅಂತಿತ್ತು. ಈಗ ಸಂತೇಲಿ ಏನಂತಾರೆ? ನಿನ್ನ ಸೊಸೆ ಬ್ರೇಕ್ ಭಾರಿ ಚೆನ್ನಾಗಿ ಕಟ್ಟಿದಾಳಂತೆ ಅಂತಾರೆ. ನಾನೂ ಹೂಂ ಹೂಂ ಅಂದೆ. ಒಂದು ಸಲ ಅಂದೆ, ಎರಡು ಸಲ ಅಂದೆ." ಅವನ ಮುಖ ಕೆಂಪಾಗಿತ್ತು. "ಆಮೇಲೆ ಸಾಕಾಯ್ತು."

"ಅಪ್ಪ ಮಗಳು ಒಂದೇ ಅಚ್ಚು," ಅಂದಳು ಕುಸ್ತೋದಿಯಾ. "ಇಬ್ರಿಗೂ ಹೊಟ್ಟೇಲಿ ಮೆಣಸಿನಕಾಯಿ ತೋಟ."

ಆಗ ಮರಿಸೆಲ್ ಎದ್ದಳು. ಎಂಟು ಹತ್ತು ತಿಂಗಳ ಮಾತು ಒಟ್ಟಿಗೇ ಬಂತು.

"ನಿಮಗೆಲ್ಲಾ ಇದು ತಮಾಷೆನಾ? ಬ್ರೇಕು ಇದು! ನಮ್ಮಪ್ಪ ತನ್ನ ಗಾಡಿಗೆ ಅಂತ ಎತ್ತಿಟ್ಟಿದ್ದು ಕೊಟ್ಟ. ಗುಜರಿ ಅಂದ್ರಿ ಅತ್ತೆ, ಇರ್ಲಿ. ಮಾವ, ನಿಮಗೆ ಹೊಗಳಿಕೆ ಬೇಕಿದ್ರೆ ನಾನೇ ಹೊಗಳ್ತಿದ್ದೆ. ಅಕ್ಕ, ನಿಮಗೆ ನನ್ನ ಕಂಡ್ರೆ ಆಗಲ್ಲ ಅಂದ್ರೆ ನಂಗೆ ಎರಡು ಬಾರ್ಸಿ! ಅದಕ್ಯಾಕೆ ಬಾರಿಸ್ತೀರಿ?"

ಅವಳು ಡಿಸ್ಕುಗಳನ್ನು ಗೋಣಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಗ್ರೀಸು ಮೆತ್ತಿದ ಪ್ಯಾಂಟಿನಲ್ಲೇ ಬಸ್ಸಿಗೆ ನಡೆದಳು. ಹುವೆನಲ್ ಹಿಂದೆ ಓಡಿದ. ಸ್ವಲ್ಪ ಹೊತ್ತಿಗೆ ಒಬ್ಬನೇ ಬಂದ.

"ಬರ್ತಾಳಂತಾ?" ಕೇಳಿದಳು ಕುಸ್ತೋದಿಯಾ.

"ಹೇಳ್ಲಿಲ್ಲ."

ಆ ಮಂಗಳವಾರ ಆ ಮನೆಯಿಂದ ಯಾರೂ ಸಂತೆಗೆ ಹೋಗಲಿಲ್ಲ. ಚೀಸು ಹುಳಿಯಾಯಿತು. ಆ ಮೂರು ದಿನ ಮರಿಸೆಲ್‌ಳ ಪಾಲಿನ ಕೆಲಸವೆಲ್ಲ ಒತಿಲಿಯಾ ಮಾಡಿದಳು, ಹಂದಿಗೂ ಹಾಕಿದಳು, ಕೇಳದೆಯೇ ಹುವೆನಲ್‌ನ ಅಂಗಿಯನ್ನೂ ಒಗೆದಳು. ಅವನು ಅಂಗಿ ತೆಗೆದುಕೊಂಡು ಹೊರಗೆ ಹೋದ.

ಗುರುವಾರ ಮಧ್ಯಾಹ್ನದ ಬಸ್ಸಿಗೆ ಮರಿಸೆಲ್ ಬಂದಳು. ಅವಳಪ್ಪ ಡಿಸ್ಕುಗಳನ್ನು ಲೇತಿಗೆ ಹಾಕಿ, ಮೇಲಿನ ಪದರ ಹೆರೆದು ಕನ್ನಡಿಯಂತೆ ಮಾಡಿ ಕಳಿಸಿದ್ದ. ಅವಳು ಒಳಗೆ ಕೂಡ ಬರದೆ ನೇರ ಗಾಡಿಯ ಹತ್ತಿರ ಹೋಗಿ ಜಾಕು ಕೊಟ್ಟಳು. ಸಂಜೆಗೆ ಕೂರಿಸಿ ಮುಗಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು:

"ಇನ್ನೊಂದು ಸಲ ಸೊಟ್ಟಗಾದ್ರೆ ಲೇತಿಗೆ ಹಾಕಕ್ಕೆ ಉಳಿದಿರಲ್ಲ, ಅಷ್ಟು ತೆಳು ಆಗಿದೆ. ಅದಕ್ಕೇ ಮಂಗಳವಾರ ಗಾಡಿ ನಾನು ಓಡಿಸ್ತೀನಿ. ನನ್ನ ಹತ್ರ ಲೈಸೆನ್ಸ್ ಇದೆ. ಬೇಡ ಅಂದ್ರೆ ಈಗ್ಲೇ ಬಿಚ್ಕೊಂಡು ಹೋಗ್ತೀನಿ."

ಎಲ್ಲರೂ ಅನ್ಸೆಲ್ಮೊನ ಮುಖ ನೋಡಿದರು. ಅವನು ತಟ್ಟೆಯ ಪಕ್ಕ ಇದ್ದ ಗಾಡಿಯ ಬೀಗದ ಕೈಯನ್ನು ಅವಳ ಕಡೆಗೆ ತಳ್ಳಿದ. "ಮಂಡಿ ನೋಯ್ತಾ ಇತ್ತು ಹೇಗಿದ್ರೂ," ಅಂದ.

"ಹಾಗಾದ್ರೆ ಮೂರು ಜನ ಹೋಗೋಣ," ಅಂದಳು ಒತಿಲಿಯಾ ಬೇಗನೆ. "ಅಪ್ಪ, ನೀವು ಕಿಟಕಿ ಕಡೆ."

"ಸೊಸೆ ಓಡ್ಸೋ ಗಾಡೀಲಿ ಕೂತ್ಕೊಂಡು ಸಂತೆಗೆ ಹೋಗ್ಲಾ ನಾನು? ನೀವಿಬ್ರೂ ಹೋಗಿ."

ಸೀಟು ಅವಳಿಗೇ ಉಳಿಯಿತು. ಯಾರ ಪಕ್ಕದ ಸೀಟು ಅಂತ ಇಪ್ಪತ್ತೆರಡು ವರ್ಷ ಕಾಯ್ದುಕೊಂಡಳೋ ಅವನೇ ಗಾಡಿಯಲ್ಲಿಲ್ಲ. ಒತಿಲಿಯಾ ಎದ್ದು ಪಾತ್ರೆ ತೊಳೆಯಲು ಹೋದಳು, ತೊಳೆದದ್ದನ್ನೇ ಎರಡು ಸಲ ತೊಳೆದಳು.

ಮಂಗಳವಾರ ಬೆಳಗ್ಗೆ ಅನ್ಸೆಲ್ಮೊ ಗೇಟಿನ ತನಕ ಬಂದ. ಡ್ರೈವರ್ ಕಡೆಯ ಕಿಟಕಿಗೆ ಬಗ್ಗಿ ಸೊಸೆಗೆ ಘಾಟಿಯನ್ನು ತಿರುವು ತಿರುವಾಗಿ ಒಪ್ಪಿಸಿದ. ನೀಲಗಿರಿ ಮರದ ಹತ್ತಿರ ಮೂರನೇ ಗೇರು, ಮುರಿದ ಸೇತುವೆಗೆ ಎರಡು, ಶಾಲೆಯ ಕೆಳಗೆ ಮತ್ತೆ ಮೂರು. ಮೂವತ್ತು ವರ್ಷ ಯಾರಿಗೂ ಬಿಟ್ಟುಕೊಡದ ವಿದ್ಯೆ ಅದು. ಮಗಳ ಕಡೆ ತಿರುಗಿ ಅವನು ಅಂದದ್ದು ಇಷ್ಟೇ: "ಚೀಸಿನ ಬುಟ್ಟಿ ಭದ್ರವಾಗಿ ಹಿಡ್ಕೊ."

ಗಾಡಿ ಇಳಿಯತೊಡಗಿತು. ನೀಲಗಿರಿ ಮರದ ತನಕ ಮರಿಸೆಲ್ ಸರಿಯಾಗಿಯೇ ತಂದಳು. ಆಮೇಲೆ ಮಂಜು ಮುಸುಕಿತು, ಎದುರಿಗೆ ಕಲ್ಲಿದ್ದಲ ಲಾರಿ ಬಂತು. ಹದಿನಾರು ಮೂಟೆಯ ಭಾರ ಹಿಂದಿನಿಂದ ತಳ್ಳುತ್ತಿತ್ತು. ಹುಡುಗಿಯ ಕೈ ಗೇರಿನ ಮೇಲೆ ಅನುಮಾನಿಸಿತು.

"ಅಕ್ಕ, ಇಲ್ಲಿ ಮಾವ ಎಷ್ಟು ಅಂದ್ರು?"

ಒತಿಲಿಯಾಗೆ ಗೊತ್ತಿತ್ತು. ಪ್ರತಿ ತಿರುವೂ ಗೊತ್ತಿತ್ತು, ಅಪ್ಪ ಗೇಟಿನಲ್ಲಿ ಹೇಳಲು ಮರೆತ ಎರಡು ತಿರುವೂ ಗೊತ್ತಿದ್ದವು. ಹೇಳದೆ ಇರಬೇಕು ಅನ್ನಿಸಿತು. ಬ್ರೇಕು ಕಟ್ಟಿದವಳಿಗೆ ಗೇರೂ ಗೊತ್ತಿರಬೇಕಿತ್ತಲ್ಲ ಅನ್ನಿಸಿತು. ಹಾಗೆ ಅನ್ನಿಸಿದಷ್ಟು ಹೊತ್ತು ಸುಮ್ಮನಿದ್ದಳು, ಲಾರಿಯ ದೀಪ ಹತ್ತಿರವಾಯಿತು.

"ಎರಡು," ಅಂದಳು. "ಈಗ. ಬಲಕ್ಕೆ ಒತ್ತು, ಅಲ್ಲಿ ಮಣ್ಣು ಗಟ್ಟಿ ಇದೆ. ಬ್ರೇಕು ಈಗ ಬೇಡ. ಈಗ ಹಿಡಿ. ಬಿಡು."

ಗಾಡಿ ಅಲುಗದೆ, ನಡುಗದೆ ತಿರುಗಿತು. ಮುಂದಿನ ತಿರುವಿಗೆ ಮರಿಸೆಲ್ ಕೇಳಲಿಲ್ಲ, ಒತಿಲಿಯಾ ತಾನಾಗಿಯೇ ಹೇಳಿದಳು. ಹೀಗೆ ಆರೇಳು ತಿರುವು, ಒಬ್ಬಳು ಹೇಳುವುದು, ಒಬ್ಬಳು ಮಾಡುವುದು. ರಸ್ತೆ ಕೊಂಚ ಸಮವಾದಾಗ ಮರಿಸೆಲ್ ಉಸಿರು ಬಿಟ್ಟು ಇವಳ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು.

"ಇಷ್ಟೆಲ್ಲಾ ಗೊತ್ತಿದ್ದೂ, ಅಕ್ಕ, ನೀವ್ಯಾಕೆ ಓಡಿಸಲ್ಲ?"

ಇಪ್ಪತ್ತೆರಡು ವರ್ಷದಲ್ಲಿ ಅಪ್ಪ ಕೇಳಿರಲಿಲ್ಲ. ಅಮ್ಮ, ತಮ್ಮ ಕೇಳಿರಲಿಲ್ಲ. ತನ್ನನ್ನು ತಾನೇ ಒಂದು ದಿನ ಕೇಳಿಕೊಂಡಿರಲಿಲ್ಲ. ಕೇಳಬೇಕಾದವಳು ಕಡೆಗೆ ಇವಳೇ ಆಗಬೇಕಿತ್ತೇ ಎಂದು ಒತಿಲಿಯಾಗೆ ಮೈಯೆಲ್ಲ ಉರಿದುಹೋಯಿತು, ಕಣ್ಣಲ್ಲಿ ನೀರೂ ಬಂತು. ಬುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಮುಂದೆ ನೋಡು," ಅಂದಳು. "ಮೂರು ಹಾಕು."